ಆರೋಗ್ಯ ಸಂಶೋಧನೆಗೆ ಸೇರುವ ಮನಸ್ಸಿದೆಯೇ? ಯಾವ ಅಧ್ಯಯನ ಯಾರಿಗೆ ಹೊಂದುತ್ತದೆ

"ಸೇರಬೇಕು ಅಂತ ಇದೆ, ಆದರೆ ಯಾವುದಕ್ಕೆ ಸೇರಲಿ?" ಈ ಪ್ರಶ್ನೆ ನನ್ನ ಬಳಿ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರಿಗೆ ನಿದ್ರೆಯ ಪ್ರಯೋಗಾಲಯವೊಂದರ ಜಾಹೀರಾತು ಕಣ್ಣಿಗೆ ಬಿದ್ದಿರುತ್ತದೆ. ಇನ್ನೊಬ್ಬರಿಗೆ ಅವರ ವೈದ್ಯರೇ ಹೊಸ ಔಷಧದ ಟ್ರಯಲ್ ಬಗ್ಗೆ ಹೇಳಿರುತ್ತಾರೆ. ಮತ್ತೊಬ್ಬರ ಕೈಯಲ್ಲಿ ದಶಕಗಟ್ಟಲೆ ನಡೆಯಲಿರುವ ಅಧ್ಯಯನವೊಂದರ ಆಹ್ವಾನಪತ್ರ ಇರುತ್ತದೆ. ಮೂರಕ್ಕೂ 'ಆರೋಗ್ಯ ಸಂಶೋಧನೆ' ಎಂದೇ ಹೆಸರು. ಆದರೆ ಒಂದು ನಿಮ್ಮಿಂದ ಎರಡು ರಾತ್ರಿ ಕೇಳುತ್ತದೆ, ಇನ್ನೊಂದು ನಿಮ್ಮ ಕಾಯಿಲೆಯ ಚಿಕಿತ್ಸೆಯನ್ನೇ ತನ್ನ ನಿಯಮಕ್ಕೆ ಒಪ್ಪಿಸಿ ಎನ್ನುತ್ತದೆ, ಮೂರನೆಯದು ಅರ್ಧ ಆಯುಸ್ಸಿನ ದಾಖಲೆ ಕೇಳುತ್ತದೆ. ಇವುಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ತೀರ್ಮಾನಿಸುವುದು ಕಷ್ಟ.

ಯಾವ ಅಳತೆಯಿಂದ ನೋಡಬೇಕು

ಬಹುತೇಕರು ಮೊದಲು ಕೇಳುವುದು 'ಅಪಾಯ ಎಷ್ಟು?' ಎಂದು. ಪ್ರಶ್ನೆ ಸರಿಯಾದದ್ದೇ, ಆದರೆ ಅದೊಂದರಿಂದಲೇ ಆಯ್ಕೆ ಮಾಡಲಾಗದು. ಅದಕ್ಕೂ ಮೊದಲು ನಾನು ಇಡುವ ಪ್ರಶ್ನೆ ಬೇರೆ: ನಾನು ಕೊಡುವುದನ್ನು ನಾಳೆ ಬೇಡವೆನಿಸಿದರೆ ವಾಪಸ್ ಪಡೆಯಲಾಗುತ್ತದೆಯೇ?

ಯಾವ ಅಧ್ಯಯನದಿಂದಲೂ, ಯಾವ ಹಂತದಲ್ಲೂ ಹೊರಬರುವ ಹಕ್ಕು ನಿಮಗಿದೆ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೈತಿಕ ಸೂತ್ರಗಳನ್ನು ಹಾಕಿಕೊಟ್ಟ 1964ರ ಹೆಲ್ಸಿಂಕಿ ಘೋಷಣೆಯಿಂದ ಹಿಡಿದು ಅದರ 2024ರ ಪರಿಷ್ಕೃತ ರೂಪದವರೆಗೆ ಈ ಮಾತು ಗಟ್ಟಿಯಾಗಿ ನಿಂತಿದೆ. ಆದರೆ ಹೊರಬರುವುದು ಬೇರೆ, ಕೊಟ್ಟದ್ದು ವಾಪಸಾಗುವುದು ಬೇರೆ. ಪ್ರಶ್ನಾವಳಿಯನ್ನು ಅರ್ಧಕ್ಕೆ ಬಿಟ್ಟರೆ ಅಲ್ಲಿಗೆ ಮುಗಿಯಿತು. ನುಂಗಿದ ಮಾತ್ರೆ ಸ್ವಲ್ಪ ಕಾಲ ಕಳೆದರೆ ದೇಹದಿಂದ ಹೊರಟುಹೋಗುತ್ತದೆ. ಔಷಧದ ಅರ್ಧಾಯುಷ್ಯದ (ದೇಹದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯದ) ಐದು ಪಟ್ಟು ಸಮಯ ಕಳೆಯುವಷ್ಟರಲ್ಲಿ ಶೇ 97ರಷ್ಟು ಖಾಲಿಯಾಗಿರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಬೆರೆತುಹೋದ ನಿಮ್ಮ ಮಾಹಿತಿಯನ್ನು ಮಾತ್ರ ಯಾರೂ ಹೆಕ್ಕಿ ತೆಗೆಯಲಾರರು. ಜೀವಕೋಶದ ಜೀನ್‌ಗಳನ್ನೇ ಬದಲಿಸುವ ಅಥವಾ ಸೇರಿಸುವ ಜೀನ್ ಚಿಕಿತ್ಸೆಯಂಥದ್ದು ಒಮ್ಮೆ ದೇಹದೊಳಗೆ ಹೋದರೆ ಹೋದಂತೆಯೇ.

ಉಳಿದ ಅಳತೆಗಳು ಇದರ ಹಿಂದೆ ಬರುತ್ತವೆ. ದೇಹಕ್ಕೆ ಏನಾದರೂ ಹಾಕುತ್ತಾರೆಯೇ, ದೇಹದಿಂದ ತೆಗೆಯುತ್ತಾರೆಯೇ, ಅಥವಾ ಬರೀ ನೋಡುತ್ತಾರೆಯೇ? ಎಷ್ಟು ಹೊತ್ತು ಬೇಕು, ಆ ಹೊತ್ತನ್ನು ಯಾರು ನಿಗದಿ ಮಾಡುತ್ತಾರೆ? ಸಂಜೆ ಬಿಡುವಾದಾಗ ಫೋನಿನಲ್ಲಿ ತುಂಬುವ ಅರ್ಧ ಗಂಟೆಗೂ, ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಹಾಜರಾಗಬೇಕಾದ ಅರ್ಧ ಗಂಟೆಗೂ ಬಹಳ ವ್ಯತ್ಯಾಸವಿದೆ. ಹಣ ಬರುತ್ತದೆಯೇ, ಅಥವಾ ಓಡಾಟಕ್ಕೆ ನಿಮ್ಮ ಕೈಯಿಂದಲೇ ಖರ್ಚಾಗುತ್ತದೆಯೇ? ನಿಮ್ಮ ತಪಾಸಣೆಯ ಫಲಿತಾಂಶ ನಿಮಗೇ ಸಿಗುತ್ತದೆಯೇ? ಏನಾದರೂ ಎಡವಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು? ಕೊನೆಯದಾಗಿ, ಉತ್ತರ ಸಿಕ್ಕರೆ ಅದು ಯಾರಿಗೆ ಉಪಯೋಗ? ಇದನ್ನು ಕೇಳಲು ಅನೇಕರು ಸಂಕೋಚಪಡುತ್ತಾರೆ. ನೀವು ಕೊಡುತ್ತಿರುವುದು ನಿಮ್ಮದನ್ನು, ಆದ್ದರಿಂದ ಕೇಳುವ ಅಧಿಕಾರವೂ ನಿಮ್ಮದೇ.

ಪ್ರಶ್ನಾವಳಿ ಮತ್ತು ಆ್ಯಪ್ ಅಧ್ಯಯನಗಳು

ಬಿಡುವು ಕಡಿಮೆ, ಸೂಜಿ ಕಂಡರೆ ಭಯ, ಆದರೂ ಏನಾದರೂ ಮಾಡಬೇಕೆನ್ನುವವರಿಗೆ ಇದು ಸುಲಭದ ದಾರಿ. ಬರೀ ಪ್ರಶ್ನೆಗಳಿಂದ ಏನಾದೀತು ಎಂದು ತಾತ್ಸಾರ ಮಾಡಬೇಡಿ. 1976ರಲ್ಲಿ ಅಮೆರಿಕದಲ್ಲಿ ಆರಂಭವಾದ ನರ್ಸ್‌ಗಳ ಆರೋಗ್ಯ ಅಧ್ಯಯನ ಮುಖ್ಯವಾಗಿ ನಿಂತದ್ದು ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತಿದ್ದ ಪ್ರಶ್ನಾವಳಿಯ ಮೇಲೆ. ಅದನ್ನು ತಾಳ್ಮೆಯಿಂದ ತುಂಬಿ ಕಳಿಸಿದ ಒಂದು ಲಕ್ಷಕ್ಕೂ ಹೆಚ್ಚು ನರ್ಸ್‌ಗಳಿಂದಾಗಿ ಧೂಮಪಾನ, ಆಹಾರ, ಹಾರ್ಮೋನುಗಳ ಬಗ್ಗೆ ನಮಗೆ ಎಷ್ಟೋ ವಿಷಯ ತಿಳಿಯಿತು.

ಇಲ್ಲಿ ಎಚ್ಚರ ಬೇಕಾದದ್ದು ಖಾಸಗಿತನದ ವಿಷಯದಲ್ಲಿ. ಆ್ಯಪ್ ನಿಮ್ಮ ಸ್ಥಳ, ಹೆಜ್ಜೆ, ನಿದ್ರೆ ಎಲ್ಲವನ್ನೂ ಓದುತ್ತಿದ್ದರೆ ಅದು ಪ್ರಶ್ನಾವಳಿಯ ಗಡಿ ದಾಟಿದೆ ಎಂದರ್ಥ. ಭಾಗವಹಿಸುವವರ ಹಿತ ಕಾಯಲು ಅಧ್ಯಯನವನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆ ಇದೆಯೇ, ಇದ್ದರೆ ಯಾವ ಸಂಸ್ಥೆಯದು ಎಂಬುದು ಮೊದಲ ಪರದೆಯಲ್ಲೇ ಕಾಣದಿದ್ದರೆ ನಾನಂತೂ ಮುಂದಕ್ಕೆ ಹೋಗುವುದಿಲ್ಲ.

ದೀರ್ಘಕಾಲದ ಸಮೂಹ ಅಧ್ಯಯನಗಳು

ಒಂದಷ್ಟು ಜನರನ್ನು ಆರಿಸಿಕೊಂಡು, ವರ್ಷಗಟ್ಟಲೆ ಅವರ ಆರೋಗ್ಯವನ್ನು ಹಿಂಬಾಲಿಸುವುದು ಈ ಬಗೆ. ಔಷಧ ಕೊಡುವುದಿಲ್ಲ, ಬದುಕುವ ರೀತಿ ಬದಲಿಸಿ ಎನ್ನುವುದಿಲ್ಲ. ರಕ್ತದೊತ್ತಡ, ಒಂದೆರಡು ಟ್ಯೂಬ್ ರಕ್ತ, ಇಸಿಜಿ, ಒಂದಷ್ಟು ಪ್ರಶ್ನೆ. ಮತ್ತೆ ಎರಡು ಮೂರು ವರ್ಷಕ್ಕೆ ಅದೇ ಪುನರಾವರ್ತನೆ.

ಫ್ರಾಮಿಂಗ್‌ಹ್ಯಾಮ್ ಹೃದಯ ಅಧ್ಯಯನ ಇದಕ್ಕೆ ದೊಡ್ಡ ಉದಾಹರಣೆ. 1948ರಲ್ಲಿ ಅಮೆರಿಕದ ಒಂದೇ ಊರಿನ 5,209 ಜನರಿಂದ ಶುರುವಾಯಿತು. 1971ರಲ್ಲಿ ಅವರ ಮಕ್ಕಳು ಸೇರಿದರು, 2002ರಲ್ಲಿ ಮೊಮ್ಮಕ್ಕಳು. ಅಧಿಕ ರಕ್ತದೊತ್ತಡ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಮಾರಕ ಎಂದು ಇವತ್ತು ಯಾವ ವೈದ್ಯರೂ ಎರಡನೇ ಯೋಚನೆಯಿಲ್ಲದೆ ಹೇಳುತ್ತಾರಲ್ಲ, ಆ ತಿಳಿವಳಿಕೆಗೆ ಈ ಜನರ ಮೂರು ತಲೆಮಾರಿನ ಹಾಜರಿಯ ಋಣವಿದೆ. ಸೇರಿದವರಲ್ಲಿ ಅನೇಕರಿಗೆ ಅದರ ಫಲ ತಮ್ಮ ಜೀವಿತಕಾಲದಲ್ಲಿ ಸಿಗಲಿಲ್ಲ. ಇದೇ ಇಂಥ ಅಧ್ಯಯನದ ಸ್ವಭಾವ: ಅಪಾಯ ತೀರಾ ಕಡಿಮೆ, ನಿಮಗೆ ನೇರ ಲಾಭವೂ ಕಡಿಮೆ, ಲೋಕಕ್ಕೆ ಸಿಗುವುದು ಅಪಾರ.

ಇಲ್ಲಿ ಬೇಕಾದದ್ದು ಪಟ್ಟು ಹಿಡಿದು ಉಳಿಯುವ ಗುಣ. ಮಧ್ಯದಲ್ಲಿ ಬಿಟ್ಟುಹೋಗುವವರು ಹೆಚ್ಚಾದಷ್ಟೂ ಅಧ್ಯಯನ ಸೊರಗುತ್ತದೆ. ಅದೂ ಹೆಚ್ಚು ಕಾಯಿಲೆ ಬಿದ್ದವರೇ ಬಿಟ್ಟುಹೋದರೆ ಉಳಿದವರ ಅಂಕಿಅಂಶ ವಾಸ್ತವಕ್ಕಿಂತ ಚೆನ್ನಾಗಿ ಕಾಣತೊಡಗುತ್ತದೆ. ಹೊರಬರುವ ಹಕ್ಕು ನಿಮಗಿದೆ ಎಂದೆನಲ್ಲ, ಅದು ಇಲ್ಲಿಯೂ ಇದೆ. ಆದರೆ ಪದೇಪದೇ ಊರು ಬದಲಿಸುವವರು, ಮುಂದಿನ ಎರಡು ವರ್ಷ ಹೇಗಿರುತ್ತದೋ ತಿಳಿಯದವರು ಇದಕ್ಕಿಂತ ಒಂದು ಸಲಕ್ಕೆ ಮುಗಿಯುವ ಅಧ್ಯಯನ ಆರಿಸಿಕೊಳ್ಳುವುದು ಮೇಲು.

ಬಯೊಬ್ಯಾಂಕ್ ಮತ್ತು ಜೀನ್ ಮಾಹಿತಿ

ಬಯೊಬ್ಯಾಂಕ್ ಎಂದರೆ ಸಂಶೋಧನೆಗಾಗಿ ಜನರ ದೇಹದ ಮಾದರಿಗಳನ್ನು ಸಂಗ್ರಹಿಸಿಡುವ ಭಂಡಾರ. ಮೇಲ್ನೋಟಕ್ಕೆ ಇದಕ್ಕಿಂತ ಹಗುರವಾದದ್ದಿಲ್ಲ. ಒಂದು ಬಾರಿ ಹೋಗಿ ರಕ್ತ, ಎಂಜಲು, ಮೂತ್ರದ ಮಾದರಿ ಕೊಟ್ಟು ಬರುತ್ತೀರಿ. ದೇಹಕ್ಕೆ ಆಗುವ ನೋವು ಒಂದು ಚುಚ್ಚಿನಷ್ಟು. ಆದರೆ ವಾಪಸ್ ಪಡೆಯುವ ಅಳತೆಯಲ್ಲಿ ನೋಡಿದರೆ ಇದು ಭಾರದ ಆಯ್ಕೆ. ಮಾದರಿಯನ್ನು ದಶಕಗಳ ಕಾಲ ಶೈತ್ಯಾಗಾರದಲ್ಲಿ ಇಡುತ್ತಾರೆ, ಇವತ್ತು ಯಾರೂ ಊಹಿಸದ ಪ್ರಶ್ನೆಗಳಿಗೆ ನಾಳೆ ಬಳಸುತ್ತಾರೆ. ಜೀನ್ ಮಾಹಿತಿ ನಿಮ್ಮೊಬ್ಬರದೂ ಅಲ್ಲ. ಒಡಹುಟ್ಟಿದವರ ಜೊತೆ, ಮಕ್ಕಳ ಜೊತೆ ಸರಿಸುಮಾರು ಅರ್ಧದಷ್ಟು ಡಿಎನ್ಎ ಹಂಚಿಕೊಂಡಿದ್ದೀರಿ. ನಿಮ್ಮ ಸಹಿ ಅವರ ಬಗೆಗಿನ ಒಂದಷ್ಟು ವಿಷಯಕ್ಕೂ ಬಾಗಿಲು ತೆರೆಯುತ್ತದೆ.

1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ ತೆಗೆದ ಜೀವಕೋಶಗಳು ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಸಂಶೋಧನೆಗೆ ಬಳಸಲು ಅವರನ್ನು ಯಾರೂ ಕೇಳಿರಲಿಲ್ಲ. 2013ರಲ್ಲಿ ಆ ಜೀವಕೋಶಗಳ ಪೂರ್ಣ ಜೀನೋಮ್ ಪ್ರಕಟವಾದಾಗಲೂ ಕುಟುಂಬವನ್ನು ಕೇಳಲಿಲ್ಲ. ಆಕ್ಷೇಪ ಎದ್ದ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕುಟುಂಬದವರನ್ನೂ ಕೂರಿಸಿಕೊಂಡು ಅದರ ಬಳಕೆಗೆ ನಿಯಮ ಮಾಡಿತು. ಈಗ ಕೇಳದೆ ತೆಗೆದುಕೊಳ್ಳುವ ಕಾಲವಲ್ಲ. ಹಾಗೆಂದು ಒಪ್ಪಿಗೆ ಪತ್ರದಲ್ಲಿ 'ಭವಿಷ್ಯದ ಯಾವುದೇ ಸಂಶೋಧನೆಗೆ' ಎಂಬ ಸಾಲು ಇದ್ದರೆ ಅದರ ವ್ಯಾಪ್ತಿ ಎಷ್ಟು ದೊಡ್ಡದು ಎಂದು ಅರಿತು ಸಹಿ ಹಾಕಿ.

ಒಳ್ಳೆಯ ಬಯೊಬ್ಯಾಂಕ್ ಹೇಗಿರುತ್ತದೆ ಎಂದು ತಿಳಿಯಲು ಯುಕೆ ಬಯೊಬ್ಯಾಂಕ್ ನೋಡಬಹುದು. 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ ಐದು ಲಕ್ಷ ಜನ ಅದಕ್ಕೆ ಸೇರಿದರು. ಹೊರಬರಬೇಕೆನಿಸಿದರೆ ಅಲ್ಲಿ ಮೂರು ಹಂತಗಳಿವೆ: ಇನ್ನು ನನ್ನನ್ನು ಸಂಪರ್ಕಿಸಬೇಡಿ, ಹೊಸದಾಗಿ ನನ್ನ ದಾಖಲೆ ಪಡೆಯಬೇಡಿ, ಇರುವುದನ್ನೂ ಇನ್ನು ಮುಂದೆ ಬಳಸಬೇಡಿ. ಇಷ್ಟು ಬಿಡಿಸಿ ಹೇಳುವ ಸಂಸ್ಥೆಯ ಮೇಲೆ ನಂಬಿಕೆ ಇಡಬಹುದು. ಇನ್ನೊಂದು ವಿಷಯ: ಕೊಟ್ಟ ರಕ್ತದ ಪರೀಕ್ಷೆಯಿಂದ ನಿಮಗೆ ವೈಯಕ್ತಿಕ ವರದಿ ಬರುತ್ತದೆಂದು ಕಾಯಬೇಡಿ. ದೊಡ್ಡ ಬಯೊಬ್ಯಾಂಕ್‌ಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಉಚಿತ ತಪಾಸಣೆಯಾದೀತು ಎಂಬ ಆಸೆಯಿಂದ ಸೇರುವವರಿಗೆ ಇದು ನಿರಾಸೆ ತರುತ್ತದೆ.

ಪ್ರಯೋಗಾಲಯದ ಅಧ್ಯಯನಗಳು: ನಿದ್ರೆ, ಮೆದುಳು, ಆಹಾರ, ವ್ಯಾಯಾಮ

ಮೊದಲ ಸಲ ಸೇರುವ ಆರೋಗ್ಯವಂತರು ಯಾವುದಕ್ಕೆ ಹೋಗಲಿ ಎಂದರೆ ನಾನು ಮೊದಲು ಇತ್ತ ಬೆರಳು ತೋರಿಸುತ್ತೇನೆ. ಆರಂಭ ಮತ್ತು ಅಂತ್ಯ ಎರಡೂ ಸ್ಪಷ್ಟ, ಸಂಶೋಧಕರು ಎದುರಿಗೇ ಇರುತ್ತಾರೆ, ಕೇಳಿದ್ದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಸಮಯಕ್ಕೆ ತಕ್ಕ ಭತ್ಯೆಯೂ ಬಹಳ ಕಡೆ ಇರುತ್ತದೆ.

ಎಂಆರ್‌ಐ ಅಧ್ಯಯನವನ್ನೇ ತೆಗೆದುಕೊಳ್ಳಿ. ಮೊದಲು ಲೋಹದ ಬಗ್ಗೆ ಉದ್ದನೆಯ ಪಟ್ಟಿ: ಪೇಸ್‌ಮೇಕರ್ ಇದೆಯೇ, ಮೂಳೆಗೆ ತಿರುಪು ಹಾಕಿದ್ದಾರೆಯೇ, ಕಣ್ಣಿಗೆ ಎಂದಾದರೂ ಲೋಹದ ಚೂರು ಸಿಡಿದಿತ್ತೇ. ಆಮೇಲೆ ಉಂಗುರ, ಬೆಲ್ಟ್ ಎಲ್ಲ ತೆಗೆದು, ಕಿವಿಗೆ ಪ್ಲಗ್ ಇಟ್ಟು, ತಲೆಯ ಇಕ್ಕೆಲಕ್ಕೂ ಸ್ಪಂಜು ತುರುಕಿ, ಕೈಗೆ ಒಂದು ರಬ್ಬರ್ ಗುಂಡು ಕೊಡುತ್ತಾರೆ. ಸಾಕೆನಿಸಿದರೆ ಅದನ್ನು ಹಿಸುಕಬೇಕು, ತಕ್ಷಣ ಹೊರಗೆಳೆಯುತ್ತಾರೆ. ಒಳಗೆ ಬಡಿಯುವ, ಗುನುಗುವ, ಕೊರೆಯುವ ಸದ್ದು ಒಂದರ ಹಿಂದೆ ಒಂದು. ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಇದರಲ್ಲಿ ವಿಕಿರಣವಿಲ್ಲ. ಸಿಟಿ ಮತ್ತು ಪೆಟ್ ಸ್ಕ್ಯಾನಿನಲ್ಲಿ ಇದೆ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 0.1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಆದರೆ ಎದೆಯ ಸಾಮಾನ್ಯ ಸಿಟಿ ಸ್ಕ್ಯಾನಿಗೆ 7ರ ಆಸುಪಾಸು. ಪ್ರಕೃತಿಯಿಂದ ವರ್ಷವಿಡೀ ನಮಗೆ ಸಿಗುವ ವಿಕಿರಣದ ಜಾಗತಿಕ ಸರಾಸರಿ 2.4. ಹಾಗಾಗಿ 'ಸ್ಕ್ಯಾನ್' ಎಂದಷ್ಟೇ ಬರೆದಿದ್ದರೆ ಯಾವ ಸ್ಕ್ಯಾನ್ ಎಂದು ಕೇಳಿ.

ಇನ್ನು, ಹುಡುಕದೆಯೇ ಸಿಕ್ಕಿಬಿಡುವ ಸಂಗತಿಗಳ ಪ್ರಶ್ನೆ. ರಾಟರ್‌ಡ್ಯಾಮ್‌ನಲ್ಲಿ ಮಧ್ಯವಯಸ್ಸು ದಾಟಿದ ಸಾಮಾನ್ಯ ಜನರಲ್ಲಿ 2,000 ಮಂದಿಯ ಮೆದುಳಿನ ಸ್ಕ್ಯಾನ್ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 1.8ರಷ್ಟು ಜನರ ಮೆದುಳಿನ ರಕ್ತನಾಳದಲ್ಲಿ ಉಬ್ಬು ಕಂಡಿತ್ತು, ಶೇ 1.6ರಷ್ಟು ಜನರಲ್ಲಿ ಕ್ಯಾನ್ಸರ್ ಅಲ್ಲದ ಗೆಡ್ಡೆ. ಬಹುಪಾಲು ಯಾವ ತೊಂದರೆಯನ್ನೂ ಕೊಡದವು. ಆದರೆ ಗೊತ್ತಾದ ಮೇಲೆ ಗೊತ್ತಾದದ್ದೇ, ಆ ತಿಳಿವಳಿಕೆಯನ್ನು ಯಾರಿಗೂ ಹಿಂದಿರುಗಿಸಲಾಗದು. ಇಂಥದ್ದು ಕಂಡರೆ ತಿಳಿಸುತ್ತಾರೆಯೇ, ತಿಳಿಸುವುದು ಬೇಡವೆನ್ನುವ ಅವಕಾಶ ನಿಮಗಿದೆಯೇ ಎಂದು ಸ್ಕ್ಯಾನಿಗೆ ಮೊದಲೇ ಮಾತಾಡಿಕೊಳ್ಳಿ. ಸಣ್ಣ ವಿಷಯಕ್ಕೂ ವಾರಗಟ್ಟಲೆ ನಿದ್ದೆಗೆಡುವ ಸ್ವಭಾವದವರಿಗೆ ಮೆದುಳಿನ ಸ್ಕ್ಯಾನಿಗಿಂತ ಆಹಾರ ಅಥವಾ ವ್ಯಾಯಾಮದ ಅಧ್ಯಯನ ಒಳ್ಳೆಯದು.

ಇದೇ ಗುಂಪಿನ ತುದಿಯಲ್ಲಿ ಬೆಡ್‌ರೆಸ್ಟ್ ಅಧ್ಯಯನಗಳಿವೆ. 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಡೆದದ್ದರಲ್ಲಿ ಭಾಗವಹಿಸಿದವರು 60 ದಿನ ತಲೆಯ ಕಡೆ 6 ಡಿಗ್ರಿ ತಗ್ಗಿದ ಮಂಚದಲ್ಲಿ ಮಲಗಿದ್ದರು. ಊಟ, ಸ್ನಾನ ಎಲ್ಲ ಹಾಗೆಯೇ. ಬಾಹ್ಯಾಕಾಶದಲ್ಲಿ ಸ್ನಾಯು, ಮೂಳೆ ಹೇಗೆ ಕ್ಷೀಣಿಸುತ್ತವೆ ಎಂದು ತಿಳಿಯುವ ದಾರಿ ಅದು. ಔಷಧವಿಲ್ಲದ ಅಧ್ಯಯನ ಯಾವಾಗಲೂ ಸುಲಭ ಎಂದು ಭಾವಿಸಬೇಡಿ.

ಹೊಸ ಔಷಧದ ಮೊದಲ ಹಂತ

ಭತ್ಯೆ ಹೆಚ್ಚು ಎಂಬ ಕಾರಣಕ್ಕೆ ಹೆಚ್ಚು ಜನರ ಕಣ್ಣು ಬೀಳುವುದು ಇದರ ಮೇಲೆ. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದ ಔಷಧವನ್ನು ಕೆಲವೇ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು, ಯಾವ ಪ್ರಮಾಣದವರೆಗೆ ದೇಹ ತಾಳುತ್ತದೆ, ಎಷ್ಟು ಹೊತ್ತಿನಲ್ಲಿ ರಕ್ತಕ್ಕೆ ಇಳಿಯುತ್ತದೆ, ಯಾವಾಗ ಹೊರಹೋಗುತ್ತದೆ ಎಂದು ನೋಡುವುದು ಉದ್ದೇಶ. ನಿಮಗೆ ಆರೋಗ್ಯದ ಲಾಭ ಏನೂ ಇಲ್ಲ. ಈ ಹಂತಕ್ಕೆ ಬಂದ ಔಷಧಗಳಲ್ಲಿ ಕೊನೆಗೆ ಅನುಮತಿ ಪಡೆಯುವುದು ಸುಮಾರು ಹತ್ತರಲ್ಲಿ ಒಂದು.

ದಿನ ಹೇಗಿರುತ್ತದೆ ಗೊತ್ತೇ? ಹಿಂದಿನ ರಾತ್ರಿಯೇ ದಾಖಲು. ಬೆಳಿಗ್ಗೆ ಮೊಣಕೈ ಒಳಭಾಗಕ್ಕೆ ಕ್ಯಾನ್ಯುಲಾ (ರಕ್ತನಾಳದಲ್ಲಿ ಉಳಿಯುವ ಸಣ್ಣ ಕೊಳವೆ) ಹಾಕಿ ಟೇಪ್ ಅಂಟಿಸುತ್ತಾರೆ. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾರೆ. ಆಮೇಲೆ ಕಾಲು ಗಂಟೆಗೆ, ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ರಕ್ತ. ಗೋಡೆಯ ಗಡಿಯಾರವೇ ಯಜಮಾನ. ನೀವು ಶೌಚಾಲಯದಲ್ಲಿದ್ದೀರೆಂದು ಎರಡು ಗಂಟೆಯ ಮಾದರಿ ಕಾಯುವುದಿಲ್ಲ. ಪಕ್ಕದ ಮಂಚದವರೂ ಅದೇ ಸರದಿಯಲ್ಲಿ ಕೆಲವು ನಿಮಿಷಗಳ ಅಂತರದಲ್ಲಿ ಇರುತ್ತಾರೆ. ಉಳಿದ ಹೊತ್ತು ಬೇಸರ. ಬಹುತೇಕರ ಅನುಭವ ಇಷ್ಟೇ, ಮತ್ತು ಅಂಕಿಗಳೂ ಅದನ್ನೇ ಹೇಳುತ್ತವೆ. ದೊಡ್ಡ ಔಷಧ ಕಂಪನಿಯೊಂದರ 394 ಮೊದಲ ಹಂತದ ಟ್ರಯಲ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಔಷಧ ಪಡೆದವರು 11,028 ಜನ. ಮೂವರಲ್ಲಿ ಇಬ್ಬರಿಗೆ ತಲೆನೋವು, ತೂಕಡಿಕೆಯಂಥ ಏನೋ ಒಂದು ತೊಂದರೆ ಆಗಿತ್ತು, ಹೆಚ್ಚಿನವು ಲಘು. ಗಂಭೀರವೆನ್ನಬಹುದಾದದ್ದು ಶೇ 0.31ರಷ್ಟು ಜನರಿಗೆ. ಸಾವು ಇರಲಿಲ್ಲ.

ಆದರೆ ಸರಾಸರಿಯ ಹೊರಗೆ ಎರಡು ಹೆಸರುಗಳು ಉಳಿದಿವೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಯುವಕರಿಗೆ ಕೊಡಲಾಯಿತು. ಪ್ರಾಣಿಗಳಿಗೆ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರನೇ ಒಂದು ಭಾಗವಷ್ಟೇ. ಎರಡು ಗಂಟೆಯೊಳಗೇ ಆರೂ ಜನ ನರಳತೊಡಗಿದರು, ಅವರ ರೋಗನಿರೋಧಕ ವ್ಯವಸ್ಥೆ ಅವರ ಮೇಲೆಯೇ ತಿರುಗಿಬಿದ್ದಿತ್ತು, ಅಂಗಾಂಗಗಳು ಕೈಕೊಟ್ಟವು. ಜೀವ ಉಳಿಯಿತು, ಆದರೆ ಒಬ್ಬರು ಬೆರಳುಗಳನ್ನು ಕಳೆದುಕೊಂಡರು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್‌ನಲ್ಲಿ ಬಿಐಎ 10-2474 ಎಂಬ ಔಷಧದ ಟ್ರಯಲ್‌ನಲ್ಲಿ ಒಬ್ಬ ಸ್ವಯಂಸೇವಕ ತೀರಿಕೊಂಡರು. ಲಂಡನ್ನಿನಲ್ಲಿ ಆರು ಜನರಿಗೂ ಕೆಲವೇ ನಿಮಿಷಗಳ ಅಂತರದಲ್ಲಿ ಔಷಧ ಏರಿಸಿದ್ದರಿಂದ, ಮೊದಲನೆಯವರು ಕುಸಿಯುವ ಹೊತ್ತಿಗೆ ಕೊನೆಯವರ ದೇಹಕ್ಕೂ ಅದು ಹೋಗಿಯಾಗಿತ್ತು. ಅಂದಿನಿಂದ, ಮೊದಲು ಒಬ್ಬರಿಗೆ ಕೊಟ್ಟು ಸಾಕಷ್ಟು ಕಾದು ನೋಡಿ ಆಮೇಲೆ ಮುಂದಿನವರಿಗೆ ಕೊಡುವ ಪದ್ಧತಿ ಬಿಗಿಯಾಯಿತು.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ನಿಖರವಾಗಿರಲಿ. ಈ ಔಷಧ ಮನುಷ್ಯರಿಗೆ ಕೊಡುತ್ತಿರುವುದು ಇದೇ ಮೊದಲೇ? ನನಗಿಂತ ಮೊದಲು ಈ ಪ್ರಮಾಣ ಎಷ್ಟು ಜನ ತೆಗೆದುಕೊಂಡಿದ್ದಾರೆ? ಇಬ್ಬರ ನಡುವೆ ಎಷ್ಟು ಹೊತ್ತು ಬಿಡುತ್ತೀರಿ? ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧದ ಇನ್ನೊಂದು ತಯಾರಿಕೆಯನ್ನು ಹೋಲಿಸುವ ಅಧ್ಯಯನವೂ ಇದೇ ರೀತಿಯ ವಾರ್ಡಿನಲ್ಲಿ, ಇದೇ ಗಡಿಯಾರದ ಕೆಳಗೆ ನಡೆಯುತ್ತದೆ, ಆದರೆ ಅದರ ಅಪಾಯ ಬಹಳ ಕಡಿಮೆ. ಇಂಥ ವಾರ್ಡನ್ನೇ ಆರಿಸುವುದಾದರೆ ಮೊದಲು ಆ ಬಗೆಯದನ್ನು ನೋಡಿ.

ಹಣದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಭತ್ಯೆ ಪಡೆಯುವುದರಲ್ಲಿ ತಪ್ಪೇನಿಲ್ಲ. ನೀವು ಕೊಡುವ ದಿನಗಳಿಗೆ ಬೆಲೆಯಿದೆ. ನ್ಯಾಯವಾದ ಟ್ರಯಲ್‌ನಲ್ಲಿ ಅದನ್ನು ಸಮಯಕ್ಕೆ, ತೊಂದರೆಗೆ ಲೆಕ್ಕ ಹಾಕಿರುತ್ತಾರೆ, ಮಧ್ಯದಲ್ಲಿ ಹೊರಬಂದರೂ ಅಲ್ಲಿಯವರೆಗಿನದು ಕೈಸೇರುತ್ತದೆ. 'ಕೊನೆಯವರೆಗೆ ಇದ್ದರೆ ಮಾತ್ರ ದುಡ್ಡು' ಎನ್ನುವಲ್ಲಿ ಹೊರಬರುವ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಬಾಡಿಗೆ ಕಟ್ಟಲು ಬೇರೆ ದಾರಿಯೇ ಇಲ್ಲದ ತಿಂಗಳಲ್ಲಿ ಇದಕ್ಕೆ ಸಹಿ ಹಾಕಬೇಡಿ. ಆಗ ಎದೆಬಡಿತದಲ್ಲಿ ಏನೋ ವ್ಯತ್ಯಾಸವಾಗುತ್ತಿದೆ ಎನಿಸಿದರೂ ಹೇಳದೆ ಸುಮ್ಮನಿರುವ ಒತ್ತಡ ಬರುತ್ತದೆ. ಒಂದು ಟ್ರಯಲ್ ಮುಗಿದ ಮೇಲೆ ಇಂತಿಷ್ಟು ವಾರ ಇನ್ನೊಂದಕ್ಕೆ ಸೇರಬಾರದು ಎಂಬ ನಿಯಮವನ್ನು ಮುಚ್ಚಿಟ್ಟು ಮೀರುವವರೂ ಇದ್ದಾರೆ. ಎರಡು ಅಪರಿಚಿತ ಔಷಧಗಳು ಒಂದೇ ಯಕೃತ್ತಿನಲ್ಲಿ ಸೇರಿದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿರುವುದಿಲ್ಲ.

ಬೇಕೆಂದೇ ಸೋಂಕು ತಗುಲಿಸುವ ಅಧ್ಯಯನಗಳೂ ಇವೆ. 2021ರಲ್ಲಿ ಬ್ರಿಟನ್ನಿನಲ್ಲಿ 18ರಿಂದ 30 ವಯಸ್ಸಿನ 36 ಜನ ಕೋವಿಡ್ ವೈರಸ್ಸನ್ನು ಮೂಗಿಗೆ ಹಾಕಿಸಿಕೊಂಡರು. ಟೈಫಾಯ್ಡ್ ಕಾಂಜುಗೇಟ್ ಎಂಬ ಬಗೆಯ ಲಸಿಕೆಗೆ ಬಲವಾದ ಪುರಾವೆ ಬೇಗ ಸಿಕ್ಕದ್ದೂ, 2017ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನದಿಂದ. ಉಪಯೋಗ ದೊಡ್ಡದು, ಗೌರವಕ್ಕೆ ಅರ್ಹವಾದ ಕೆಲಸ. ಆದರೆ ಇದು ಮೊದಲ ಬಾರಿಗೆ ಸೇರುವವರಿಗಲ್ಲ. ಪ್ರತ್ಯೇಕವಾಗಿ ಇರಬೇಕಾದ ದಿನಗಳು, ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತವೆ.

ರೋಗಿಗಳಿಗಾಗಿ ಇರುವ ಟ್ರಯಲ್‌ಗಳು

ಇಲ್ಲಿ ತೂಕವೇ ಬದಲಾಗುತ್ತದೆ. ಆರೋಗ್ಯವಂತರಿಗೆ 'ಸೇರದಿರುವುದು' ಎಂದರೆ ಮನೆಗೆ ಹೋಗುವುದು. ರೋಗಿಗೆ ಸೇರದಿರುವುದು ಎಂದರೆ ಈಗಿರುವ ಚಿಕಿತ್ಸೆ, ಅದು ಎಷ್ಟು ಚೆನ್ನಾಗಿದೆಯೋ ಅಷ್ಟು. ಆದ್ದರಿಂದ ಹೋಲಿಕೆ ಮಾಡಬೇಕಾದದ್ದು ಟ್ರಯಲ್ ಮತ್ತು ಏನೂ ಇಲ್ಲದ ಸ್ಥಿತಿಯ ನಡುವೆ ಅಲ್ಲ. ಟ್ರಯಲ್ ಮತ್ತು ನಿಮಗೆ ಇವತ್ತು ಸಿಗಬಹುದಾದ ಅತ್ಯುತ್ತಮ ಚಿಕಿತ್ಸೆಯ ನಡುವೆ.

ಟ್ರಯಲ್‌ನಲ್ಲಿ ಯಾರಿಗೆ ಯಾವ ಔಷಧ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ನಿಮ್ಮ ವೈದ್ಯರೂ ಅದನ್ನು ಬದಲಿಸಲಾರರು, ಹಲವು ಸಲ ಅವರಿಗೂ ಗೊತ್ತಿರುವುದಿಲ್ಲ. ನಮ್ಮ ಡಾಕ್ಟರು ನಮಗೆ ಒಳ್ಳೆಯದನ್ನೇ ಕೊಡಿಸುತ್ತಾರೆ ಎಂಬ ನಂಬಿಕೆಯಿಂದ ಸೇರಬೇಡಿ, ಆ ಅಧಿಕಾರ ಅವರ ಕೈಯಲ್ಲಿಲ್ಲ. ಹುಸಿಮಾತ್ರೆಯ, ಅಂದರೆ ನೋಡಲು ಔಷಧದಂತಿದ್ದು ಒಳಗೆ ಔಷಧವಿಲ್ಲದ ಮಾತ್ರೆಯ ಭಯ ಹಲವರಿಗಿದೆ. ಚಿಕಿತ್ಸೆ ಇರುವ ಗಂಭೀರ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಈಗಿನ ಚಿಕಿತ್ಸೆ ಎರಡೂ ಗುಂಪಿಗೆ ಮುಂದುವರಿಯುತ್ತದೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಹುಸಿಮಾತ್ರೆ. ನಿಮ್ಮ ಟ್ರಯಲ್ ಹಾಗಿದೆಯೇ, ಅಥವಾ ಈಗಿನ ಔಷಧವನ್ನು ನಿಲ್ಲಿಸಬೇಕೇ ಎಂಬುದು ಬಹಳ ಮುಖ್ಯ. ನಿಲ್ಲಿಸಬೇಕಾದರೆ ಎಷ್ಟು ದಿನ, ಆ ಅವಧಿಯಲ್ಲಿ ಕಾಯಿಲೆ ಉಲ್ಬಣಿಸಿದರೆ ಏನು ಮಾಡುತ್ತಾರೆ ಎಂಬುದು ಬರವಣಿಗೆಯಲ್ಲಿ ಇರಬೇಕು.

ಹೊಸದು ಎಂದರೆ ಉತ್ತಮ ಎಂಬ ಆಸೆ ಸಹಜ. ಎದೆಬಡಿತದ ಏರುಪೇರನ್ನು ಹತ್ತಿಕ್ಕುವ ಎನ್‌ಕೈನೈಡ್, ಫ್ಲೆಕೈನೈಡ್ ಔಷಧಗಳು ಹೃದಯಾಘಾತವಾದವರ ಜೀವ ಉಳಿಸುತ್ತವೆಂದೇ ವೈದ್ಯರು ನಂಬಿದ್ದರು. ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿದಾಗ, 1989ರಲ್ಲಿ ಹೊರಬಿದ್ದ ಫಲಿತಾಂಶ ತದ್ವಿರುದ್ಧ: ಔಷಧ ಪಡೆದವರಲ್ಲಿ ಸಾವು ಹೆಚ್ಚು. ಅಲ್ಲಿ ಹುಸಿಮಾತ್ರೆ ಸಿಕ್ಕವರೇ ಪುಣ್ಯವಂತರು. ಇನ್ನೊಂದು ಕಡೆ, 2020ರಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್‌ಗೆ ಸೇರಿದ ಸಾವಿರಾರು ಕೋವಿಡ್ ರೋಗಿಗಳಿಂದ, ಡೆಕ್ಸಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಈ ಕೊನೆಯ ಬಗೆ, ಅಂದರೆ ಬಳಕೆಯಲ್ಲಿರುವ ಔಷಧಗಳನ್ನೇ ಹೊಸ ಕಾಯಿಲೆಗೆ ಅಥವಾ ಒಂದಕ್ಕೊಂದು ಹೋಲಿಸಿ ನೋಡುವ ಟ್ರಯಲ್, ರೋಗಿಗಳಿಗೆ ನಾನು ಧೈರ್ಯವಾಗಿ ಹೇಳುವ ಆಯ್ಕೆ. ಔಷಧದ ಗುಣದೋಷ ಮೊದಲೇ ತಿಳಿದಿರುತ್ತದೆ, ಹೆಚ್ಚುವರಿ ಓಡಾಟ ಕಡಿಮೆ, ಉತ್ತರ ಬೇಗ ಬಳಕೆಗೆ ಬರುತ್ತದೆ.

ಎರಡನೇ ಹಂತವೋ ಮೂರನೇ ಹಂತವೋ? ಎರಡನೆಯದು ಚಿಕ್ಕದು, ಔಷಧ ಕೆಲಸ ಮಾಡುತ್ತದೆಯೇ ಎಂಬುದೇ ಇನ್ನೂ ಅನುಮಾನ. ಮೂರನೆಯದಕ್ಕೆ ಬರುವ ಹೊತ್ತಿಗೆ ನೂರಾರು ಜನರ ಅನುಭವ ಬೆನ್ನಿಗಿರುತ್ತದೆ. ಬೇರೆ ಚಿಕಿತ್ಸೆಗಳು ಉಳಿದಿರುವವರು ಮೂರನೇ ಹಂತಕ್ಕೆ ಕಾಯುವುದು ಜಾಣತನ. ಎಲ್ಲ ಚಿಕಿತ್ಸೆ ಮುಗಿದವರಿಗೆ ಎರಡನೇ ಹಂತ, ಕ್ಯಾನ್ಸರ್‌ನಲ್ಲಾದರೆ ಮೊದಲ ಹಂತವೂ, ವಿಚಾರ ಮಾಡಬೇಕಾದ ದಾರಿ; ಆದರೆ ಆಸ್ಪತ್ರೆಯ ಓಡಾಟದಲ್ಲಿ ಕಳೆಯುವ ವಾರಗಳು ಮನೆಯವರ ಜೊತೆ ಕಳೆಯಬಹುದಾದ ವಾರಗಳೂ ಹೌದು. ಈ ಲೆಕ್ಕವನ್ನು ರೋಗಿಯೇ ಮಾಡಬೇಕು, ಸುತ್ತಲಿನವರು ಒತ್ತಾಯಿಸಬಾರದು.

ವಾಪಸ್ ಪಡೆಯುವ ಪ್ರಶ್ನೆ ಇಲ್ಲಿ ಇನ್ನಷ್ಟು ಚುರುಕಾಗುತ್ತದೆ. ಮಾತ್ರೆಯ ಟ್ರಯಲ್‌ನಿಂದ ಹೊರಬರಬಹುದು, ಕೆಲವನ್ನು ನಿಧಾನಕ್ಕೆ ತಗ್ಗಿಸುತ್ತಾ ಬಿಡಬೇಕಷ್ಟೇ. ದೇಹದೊಳಗೆ ಅಳವಡಿಸಿದ ಸಾಧನ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ಜೀನ್ ಚಿಕಿತ್ಸೆಗಳಲ್ಲಿ ಕೆಲವಕ್ಕೆ 15 ವರ್ಷದವರೆಗೆ ನಿಗಾ ಇರುತ್ತದೆ. ಜೀನನ್ನು ಜೀವಕೋಶದೊಳಗೆ ಹೊತ್ತೊಯ್ಯುವ ವೈರಸ್ ವಾಹಕವನ್ನು ಒಮ್ಮೆ ಪಡೆದರೆ ದೇಹದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಬೆಳೆದು, ಮುಂದೆ ಬರುವ ಉತ್ತಮ ಚಿಕಿತ್ಸೆಗೆ ಬಾಗಿಲು ಮುಚ್ಚಬಹುದು. ಹಾಗೆಯೇ, ಈ ಟ್ರಯಲ್‌ಗೆ ಸೇರಿದರೆ ಮುಂದೆ ಯಾವುದಕ್ಕೆಲ್ಲ ಸೇರಲಾಗದು ಎಂದೂ ಕೇಳಿ. ಔಷಧ ನಿಮಗೆ ಒಗ್ಗಿದರೆ ಟ್ರಯಲ್ ಮುಗಿದ ಮೇಲೂ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು.

ಹಾಗಾದರೆ ನಿಮಗೆ ಯಾವುದು?

ತಿಂಗಳಿಗೆ ಒಂದೆರಡು ಗಂಟೆಗಿಂತ ಹೆಚ್ಚು ಬಿಡುವಿಲ್ಲದಿದ್ದರೆ ಪ್ರಶ್ನಾವಳಿ. ಒಂದೇ ಕಡೆ ನೆಲೆ ನಿಂತವರು, ಕೊಟ್ಟ ಮಾತು ಉಳಿಸಿಕೊಳ್ಳುವ ಸ್ವಭಾವದವರು ಸಮೂಹ ಅಧ್ಯಯನಕ್ಕೆ ಹೇಳಿಮಾಡಿಸಿದ ಜನ. ನಿಮಗೆ ಮನೆಯವರ ಒಪ್ಪಿಗೆಯೂ ಮುಖ್ಯವೆನಿಸಿದರೆ ಬಯೊಬ್ಯಾಂಕಿಗೆ ಹೋಗುವ ಮೊದಲು ಒಡಹುಟ್ಟಿದವರ ಜೊತೆ ಮಾತಾಡಿ. ಒಂದಷ್ಟು ಭತ್ಯೆಯೂ ಬೇಕು, ಅಪಾಯ ಬೇಡ ಎಂದರೆ ಪ್ರಯೋಗಾಲಯ. ಹೆಚ್ಚಿನ ಭತ್ಯೆಯ ವಾರ್ಡಿಗೆ ಹೋಗುವವರು, ಆ ಹಣ ಬರದಿದ್ದರೂ ತಿಂಗಳು ನಡೆಯುತ್ತದೆ ಎಂಬ ಸ್ಥಿತಿಯಲ್ಲಿರಬೇಕು. ಗರ್ಭಿಣಿಯರು, ಮಗುವಿನ ಯೋಜನೆಯಲ್ಲಿರುವ ಗಂಡಸರು ಮತ್ತು ಹೆಂಗಸರು ಔಷಧದ ಟ್ರಯಲ್‌ಗೆ ಮೊದಲು ಅದನ್ನು ತೆರೆದು ಹೇಳಲೇಬೇಕು.

ದೀರ್ಘ ಕಾಯಿಲೆ ಇರುವವರು ಸ್ವಯಂಸೇವೆ ತಮಗಲ್ಲ ಎಂದುಕೊಳ್ಳುತ್ತಾರೆ. ಸತ್ಯ ಇದಕ್ಕೆ ವಿರುದ್ಧ. ವಯಸ್ಸಾದವರು, ಎರಡು ಮೂರು ಕಾಯಿಲೆ ಒಟ್ಟಿಗೆ ಇರುವವರು, ಮಹಿಳೆಯರು ಎಷ್ಟೋ ಕಾಲ ಟ್ರಯಲ್‌ಗಳ ಹೊರಗೇ ಉಳಿದರು. ಅದರ ಫಲವಾಗಿ ಅವರಿಗೆ ಔಷಧದ ಪ್ರಮಾಣ ನಿರ್ಧರಿಸುವಾಗ ವೈದ್ಯರ ಕೈಯಲ್ಲಿ ಸಾಕಷ್ಟು ಪುರಾವೆ ಇರುವುದಿಲ್ಲ. ನಿಮ್ಮಂಥವರ ದೇಹದ ಉತ್ತರ ನಿಮ್ಮಂಥವರಿಂದಲೇ ಬರಬೇಕು.

ಸಹಿಗೆ ಮೊದಲು

ಟ್ರಯಲ್ ಸಾರ್ವಜನಿಕ ನೋಂದಣಿಯಲ್ಲಿ ಇದೆಯೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಹುಡುಕು ತಾಣದಲ್ಲಿ ಹಲವು ದೇಶಗಳ ನೋಂದಣಿಗಳು ಒಂದೇ ಕಡೆ ಸಿಗುತ್ತವೆ. ನೋಂದಣಿ ಸಂಖ್ಯೆ ಒಪ್ಪಿಗೆ ಪತ್ರದಲ್ಲೇ ಇರಬೇಕು.

ಒಪ್ಪಿಗೆ ಪತ್ರವನ್ನು ಕೊನೆಯಿಂದ ಓದಲು ಶುರುಮಾಡಿ. ಉದ್ದೇಶ, ಮಹತ್ವ ಎಲ್ಲ ಮೊದಲ ಪುಟಗಳಲ್ಲಿ ಚೆಂದವಾಗಿರುತ್ತವೆ. ನಷ್ಟ ಪರಿಹಾರ, ಮಾಹಿತಿ ಯಾರಿಗೆ ಹೋಗುತ್ತದೆ, ಹೊರಬಂದ ಮೇಲೆ ಮಾದರಿ ಏನಾಗುತ್ತದೆ, ರಾತ್ರಿ ಹೊತ್ತಿನಲ್ಲಿ ಕರೆ ಮಾಡಬೇಕಾದ ಸಂಖ್ಯೆ ಯಾವುದು ಎಂಬುದೆಲ್ಲ ಹಿಂದೆ ಇರುತ್ತವೆ. ಗಾಯವಾದರೆ ಚಿಕಿತ್ಸೆ 'ಒದಗಿಸಲಾಗುವುದು' ಎಂದಿದ್ದರೆ, ಖರ್ಚು ಯಾರದು ಎಂಬ ಮಾತು ಅಲ್ಲಿದೆಯೇ ಗಮನಿಸಿ. ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ, ಸಂಶೋಧಕರ ಎದುರು ಕೂತು ಒಂದೊಂದಾಗಿ ಕೇಳಿ. ನಿಮಗೆ ಔಷಧ ಬರೆಯುವ ವೈದ್ಯರಿಗೆ ಒಂದು ಪ್ರತಿ ತೋರಿಸಿ, ಇನ್ನೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ತುರ್ತು ಚಿಕಿತ್ಸೆಯ ಸಂದರ್ಭ ಬಿಟ್ಟರೆ, ಪತ್ರವನ್ನು ಮನೆಗೆ ಕೊಂಡೊಯ್ದು ಒಂದು ರಾತ್ರಿಯಾದರೂ ಯೋಚಿಸಲು ಬಿಡಬೇಕು. 'ಇವತ್ತೇ ಕೊನೆಯ ಜಾಗ, ಈಗಲೇ ಸಹಿ ಮಾಡಿ' ಎಂದು ಅವಸರಪಡಿಸಿದರೆ ಪತ್ರವನ್ನು ಮೇಜಿನ ಮೇಲಿಟ್ಟು ಎದ್ದು ಬನ್ನಿ. ನಿಮಗೆ ಹೊಂದುವ ಇನ್ನೊಂದು ಅಧ್ಯಯನ ಅದೇ ನೋಂದಣಿಯ ಪಟ್ಟಿಯಲ್ಲಿ ಸಿಗುತ್ತದೆ.